ಒಕ್ಕುವ ಮೀನು

ಜಾವಗಲ್ಲಿನ ದಾರಿಗೆ ಅಡ್ಡಲಾಗಿ ರಾಗಿ ಹರಡಿದ್ದೆವು.
ಕಣ ಇಲ್ಲ. ರೋಣಗಲ್ಲು ಬೇಲಿ ಪಕ್ಕ ಮಲಗಿ ಹದಿನೈದು ವರ್ಷ.
ಈಗ ಬಸ್ಸು ತುಳಿಯುತ್ತೆ, ಜಲ್ಲಿ ಲಾರಿ ತುಳಿಯುತ್ತೆ,
ಕೂಲಿ ಕೇಳದ ಆಳುಗಳು.

ಒಂಬತ್ತಕ್ಕೆ ಬಂತು ಪುತ್ತುಮೋನುವಿನ ಮೀನಿನ ಗಾಡಿ
ರಾತ್ರಿಯಿಡೀ ಘಟ್ಟ ಹತ್ತಿ, ಐಸು ನೀರು ಸುರಿಸಿಕೊಂಡು.
"ಉಪ್ಪು ಬಿತ್ತಲ್ಲೋ ತೆನೆಗೆ!" ಅಂತ ಕೂಗಿದೆ.
ನಿಲ್ಲಿಸಿದ. ಹಿಂದಿನ ಬಾಗಿಲು ಮುಚ್ಚಿರಲಿಲ್ಲ;
ಮುಚ್ಚಲು ಬಿಡದೆ ಒಂದು ಬಾಲ
ಬಾರುಕೋಲಿನ ಹಾಗೆ ಹೊರಗೆ ಜೋತಿತ್ತು.

"ತಾಟೆ, ಅಮ್ಮ. ಮೈ ಎಷ್ಟುಂಟೋ ಬಾಲವೂ ಅಷ್ಟೇ ಉಂಟು.
ಬೂತಾಯಿ ಹಿಂಡು ಕಂಡರೆ ನುಗ್ಗಿ ಹೋಗ್ತದೆ, ಗಕ್ಕನೆ ನಿಲ್ತದೆ,
ತಲೆ ಕೆಳಗೆ ಹಾಕಿ ಬಾಲವನ್ನು ನೆತ್ತಿಯ ಮೇಲಿಂದ
ಬೀಸಿ ಹೊಡೀತದೆ. ಮೂರ್ಛೆ ಹೋದದ್ದನ್ನು
ತಿರುಗಿ ಬಂದು ಒಂದೊಂದೇ ಹೆಕ್ಕಿ ತಿಂತದೆ.
ಇಂಗ್ಲಿಷಿನಲ್ಲಿ ಇದರ ಹೆಸರೇ ಒಕ್ಕುವ ಮೀನು ಅಂತೆ."

ನನ್ನ ಬಡಿಗೋಲು ನೋಡಿಕೊಂಡೆ.
ಬಸ್ಸು ಬಾರದ ಹೊತ್ತಿನಲ್ಲಿ ನಮ್ಮದೂ ಇದೇ:
ಬೆನ್ನು ಬಗ್ಗಿಸಿ, ನೆತ್ತಿಯ ಮೇಲಿಂದ.
ಕಡಲು ಕಂಡವಳಲ್ಲ ನಾನು.
ಅಲ್ಲೂ ಒಂದು ಕಣ ಇದೆ ಅಂತ ಯಾರೂ ಹೇಳಿರಲಿಲ್ಲ.

"ಕೇದರಕ್ಕೆ ಹಾಕಿದ ಬಲೆ, ಇದು ಸಿಕ್ಕಿಬಿತ್ತು.
ಈಜು ನಿಂತರೆ ಉಸಿರೂ ನಿಲ್ಲುವ ಜಾತಿ.
ಗಾಳ ಹಾಕಿದರೂ ಕಚ್ಚುವುದಿಲ್ಲ, ಹೊಡೀತದೆ;
ಬಾಯಿ ಸಿಗದೆ ಬಾಲ ಸಿಗ್ತದೆ,
ಹಿಂದುಮುಂದಾಗಿ ಎಳೆದರೆ ನೀರಲ್ಲೇ ಉಸಿರು ಕಟ್ತದೆ ಮೀನಿಗೆ."
ಜೀವ ಇದ್ದರೆ ಬಿಟ್ಟುಬಿಡಬೇಕಂತೆ.
ಮಲ್ಪೆ ದಕ್ಕೆಗೆ ಅಳತೆಪಟ್ಟಿ ಹಿಡಿದು ಬರುವ
ಒಬ್ಬಳು ಹುಡುಗಿ ಎಲ್ಲರಿಗೂ ಹೇಳುತ್ತಾಳಂತೆ.
ಇದರ ಉದ್ದ ಬರೆದುಕೊಂಡಳು, ಹೆಣ್ಣು ಅಂತ ಬರೆದುಕೊಂಡಳು,
ಕೊಯ್ಯಲು ದಲ್ಲಾಳಿ ಬಿಡಲಿಲ್ಲ.
ಹೊಟ್ಟೆಯ ಕಾಲಂ ಖಾಲಿ ಬಿಟ್ಟು ಪುಸ್ತಕ ಮುಚ್ಚಿದಳು.

ಸೆರಗಿಗೆ ಕೈ ಒರೆಸಿಕೊಂಡು ಗಾಡಿ ಹತ್ತಿದೆ.
ಹನ್ನೊಂದು ಹಳ್ಳಿಯ ಬಸಿರು ನೋಡಿದ ಕೈ ಇದು,
ಆಸ್ಪತ್ರೆ ಬಂದ ಮೇಲೆ ಬರೀ ಮುದ್ದೆ ತೊಳಸುವ ಕೈ.
ಒಂದು ದಿಕ್ಕಿಗೆ ಸವರಿದರೆ ರೇಷ್ಮೆ,
ಇನ್ನೊಂದು ದಿಕ್ಕಿಗೆ ಉಜ್ಜುಕಾಗದ.
ಐಸಿನ ತಣ್ಣಗೆ ಬೆರಳು ಜೋಮು ಹಿಡಿದರೂ
ಬೆರಳಿಗೆ ಮರೆವಿಲ್ಲ.
ಬಲಕ್ಕೊಂದು. ಎಡಕ್ಕೊಂದು.
ಉದ್ದಕ್ಕೆ ಮಡಚಿದ ಏನೋ, ಅದರ ಬಾಲವೇ ಇರಬೇಕು.

"ಎರಡೇ ಹಾಕುವುದು," ಅಂದ, ದನಿ ತಗ್ಗಿಸಿ.
"ಕರುಳಬಳ್ಳಿ ಇಲ್ಲ. ತಾಯಿ ಒಳಗೇ ಮೊಟ್ಟೆ ಸುರಿಸ್ತಾ ಇರ್ತದೆ,
ಮರಿ ಅದನ್ನೇ ಉಂಡು ಬೆಳೀತದೆ."
ಕತ್ತರಿಸುವ ಕೆಲಸವೇ ಇಲ್ಲದ ಹೆರಿಗೆ!
ನಗು ಬಂತು, ಆಮೇಲೆ ಬರಲಿಲ್ಲ.
ಮೈನೆರೆಯಲು ಎಂಟೊಂಬತ್ತು ವರ್ಷವಂತೆ.

ಬೂತಾಯಿಯಾದರೆ ರಾಗಿಯ ಥರ, ಒಂದಕ್ಕೆ ಸಾವಿರ,
ಹಕ್ಕಿ ತಿಂದು ಹುಳ ತಿಂದು ನಾವು ತಿಂದು ಮಿಗುತ್ತದೆ.
ಇದು ರಾಗಿಯಲ್ಲ.
ನಮ್ಮಪ್ಪ ಎಂಥ ಬರದಲ್ಲೂ ಬಿತ್ತನೆಯದ್ದನ್ನು ಹಗೇವಿಗೆ ಹಾಕಿ
ಮೇಲೆ ಮಣ್ಣು ಮೆತ್ತುತ್ತಿದ್ದ, ಹಸಿದು ಅತ್ತರೂ ತೆಗೆಯುತ್ತಿರಲಿಲ್ಲ.
ಕಡಲಿಗೆ ಹಗೇವು ತೋಡಿದವರು ಯಾರು?

"ನಾನು ತರದಿದ್ದರೆ ಇನ್ನೊಬ್ಬ ತರ್ತಾನೆ," ಅಂದ ಪುತ್ತುಮೋನು.
ನಾನು ಕೇಳಿರಲಿಲ್ಲ.
ಸಂತೆಗೆ ಹೊತ್ತಾಗುತ್ತಿತ್ತು. ಗಾಡಿ ಹೊರಟಿತು.
ಬಾಲ ರಾಗಿಯ ಮೇಲೆ ಎಳೆದುಕೊಂಡು ಹೋಯಿತು,
ಒಂದೂ ಕಾಳು ಉದುರಿಸದೆ,
ಬೆರಳಗಲದ ಒದ್ದೆ ಗೀರು ಅಷ್ಟೇ.

ಗಾಡಿಯ ಹಿಂದೆ ನಾಲ್ಕು ಹೆಜ್ಜೆ ಓಡಿ ಕೂಗಿದೆ:
ಆ ಹುಡುಗಿ ಸಿಕ್ಕರೆ ಹೇಳೋ,
ಹಾಸನ ಸೀಮೆಯಲ್ಲಿ ಒಬ್ಬಳು ಸೂಲಗಿತ್ತಿ
ಮುಟ್ಟಿ ನೋಡಿದ್ದಾಳೆ,
ಖಾಲಿ ಬಿಟ್ಟ ಕಡೆ ಎರಡು ಅಂತ ಬರ್ಕೊಳ್ಳಲಿ.

ಕೇಳಿಸಿತೋ ಇಲ್ಲವೋ. ಹಿಂದೆಯೇ ಜಲ್ಲಿ ಲಾರಿ ಬಂತು.