ನೂರಕ್ಕೆ ಒಂದಡಿ

ರೈಲಿಗೆ ಏರು ಹತ್ತಲು ಬರುವುದಿಲ್ಲ,
ಎನ್ನುತ್ತಾನೆ ಯೂವರ್ಟ್ ಝ್ವಿಕರ್.
ಅಷ್ಟು ಕಬ್ಬಿಣ, ಅಷ್ಟು ಹೊಗೆ, ಅಷ್ಟು ಆರ್ಭಟ,
ನೂರಡಿಗೆ ಒಂದಡಿ ಮೇಲೆತ್ತಿದರೆ ಸಾಕು
ಏದುಸಿರು.
ಅದಕ್ಕೇ ಗುಡ್ಡ ಕಡಿದರು, ತಗ್ಗು ತುಂಬಿದರು,
ಹೊಳೆಯ ಮಗ್ಗುಲನ್ನು ಬಳಸಿ ಬಳಸಿ
ನೆಲವನ್ನು ಒಪ್ಪಿಸಿದರು.
ಅದೆಲ್ಲ ಈಗ ನಿನ್ನ ಮಂಡಿಯ ಪಾಲಿಗೆ, ನೋಡು.

ನನ್ನ ಮಂಡಿ ಹೊಸದು.
ಮಾರ್ಚಿಯಲ್ಲಿ, ಹಿಮ ಕರಗುವ ಮೊದಲು,
ಹ್ಯಾಲಿಫ್ಯಾಕ್ಸಿನಲ್ಲಿ ಕೂರಿಸಿದ್ದು.
ಇಲ್ಲಿ ಕಿತ್ತ ಲೋಹವನ್ನೇ ಅಲ್ಲಿ ಹಾಕಿದರೋ ಏನೋ
ಅಂದೆ, ತಮಾಷೆಗೆ.
ಅವನು ನಗಲಿಲ್ಲ.
ಕಿತ್ತವನು ಅವನೇ.

ಅರವತ್ತೈದರಲ್ಲಿ ಗ್ಯಾಂಗಿಗೆ ಸೇರಿದ,
ಮೊಳೆ ಹೊಡೆಯುವ ಕೆಲಸ.
ಇಪ್ಪತ್ತೈದು ವರ್ಷ ಸ್ಲೀಪರಿನಿಂದ ಸ್ಲೀಪರಿಗೆ.
ತೊಂಬತ್ತರಲ್ಲಿ ಕಂಪನಿ ಹೇಳಿತು: ಇನ್ನು ಕೀಳಿ.
ಹೊಡೆದದ್ದಕ್ಕಿಂತ ಕಿತ್ತದ್ದಕ್ಕೆ
ಗಂಟೆಗೆ ಎರಡು ಡಾಲರ್ ಹೆಚ್ಚು.
ಆ ದುಡ್ಡಲ್ಲಿ ಬಂದ ಫ್ರಿಜ್ ಇನ್ನೂ ಇದೆ,
ರಾತ್ರಿಯಿಡೀ ಗುರುಗುಟ್ಟುತ್ತದೆ.
ಲಿಯೋನಿ ಇರುವಾಗ ಅದನ್ನು
‘ಐದು ಹತ್ತರ ಗಾಡಿ’ ಎನ್ನುತ್ತಿದ್ದಳಂತೆ.

ಜಲ್ಲಿಪುಡಿ ಹಾಸಿ ತಟ್ಟಿದ ಈ ದಾರಿಯಲ್ಲಿ
ಅವನ ನಡಿಗೆ ಈಗಲೂ ಬೇರೆ.
ಒಂದು ಸ್ಲೀಪರಿನ ಅಂತರ ಗಂಡಾಳಿನ ಹೆಜ್ಜೆಗೆ ಕಡಿಮೆ,
ಎರಡರದು ಅತಿ.
ಹಾಗಾಗಿ ಇಲ್ಲದ ಮರದ ತುಂಡುಗಳ ಮೇಲೆ
ಚುಟುಕು ಚುಟುಕಾಗಿ ಇಡುತ್ತಾನೆ ಪಾದ.
ನನಗೂ ನರ್ಸಮ್ಮ ಹೇಳಿದ್ದಾಳೆ, ಚಿಕ್ಕ ಹೆಜ್ಜೆ, ಅವಸರವಿಲ್ಲ.
ಎರಡು ತಿಂಗಳಿಂದ ನಾವಿಬ್ಬರೂ ಹೀಗೆ
ಕವಾಯತಿನವರಂತೆ ಜೊತೆ ಬಿದ್ದಿದ್ದೇವೆ.

ಹಳಿ ಇದ್ದಾಗ ಅದು ತಪ್ಪುವ ಭಯ ಎಲ್ಲರಿಗೂ.
ಹಳಿಯಿಲ್ಲದ ದಾರಿ ಯಾರನ್ನೂ ಹಳಿಯುವುದಿಲ್ಲ.
ಕಾಂಬ್ಸ್ ಮನೆಯ ನಾಯಿ ನಟ್ಟನಡುವೆ ಮಲಗಿದೆ.
ಮೂರು ಚಕ್ರದ ಗಾಡಿಯಲ್ಲಿ ಅವಳಿ ಕೂಸುಗಳು ನಿದ್ದೆಹೋಗಿವೆ.
ಯಾರೋ ಓಡುತ್ತ, ಓಡುತ್ತಲೇ, ಫೋನಿನಲ್ಲಿ ಜಗಳವಾಡುತ್ತ
ತಿರುವಿನಾಚೆ ಸಣ್ಣಗಾದರು.

ಸೆಪ್ಟೆಂಬರ್. ಇಕ್ಕೆಲದಲ್ಲೂ ಸೇಬು.
ತೋಟದ್ದಲ್ಲ, ಸಾಲು ಇಲ್ಲ, ಬೇಲಿ ಇಲ್ಲ,
ಇಲ್ಲೊಂದು ಅಲ್ಲೊಂದು, ಕೊಂಕು ಕೊಂಕಾಗಿ.
ಯಾವ ಜಾತಿ ಇದು? ಕೇಳಿದೆ.
‘ಕಿಟಕಿ ಜಾತಿ’ ಅಂದ.

ಗಾಡಿಯಲ್ಲಿ ಕೂತು ತಿಂದವರು ಎಸೆದ ದಿಂಡು.
ನರ್ಸು ಕಲಿಯಲು ಹೊರಟವಳು,
ಗಿರಾಕಿ ಸಿಗದೆ ಮರಳುವ ಹೊಲಿಗೆಯಂತ್ರದ ಏಜೆಂಟು,
ಮೊದಲ ಸಲ ಸಮುದ್ರ ನೋಡಲಿರುವ ಹುಡುಗ,
ಅಳು ಬರದಿರಲೆಂದು ಅಗಿಯುತ್ತಲೇ ಇದ್ದ ಇನ್ಯಾರೋ.
ಸೇಬಿನ ಬೀಜ ತಾಯಿಯ ಮಾತು ಕೇಳುವುದಿಲ್ಲ,
ಹುಟ್ಟಿದ ಒಂದೊಂದೂ ಹೊಸ ರುಚಿ.
ಇವನು ಕಿತ್ತುಕೊಟ್ಟದ್ದು ಹುಳಿ,
ಹಲ್ಲು ಜುಮ್ಮೆನ್ನುವ ಹುಳಿ,
ಕೊನೆಗೆ ಎಲ್ಲೋ ಒಂದು ಚೂರು ಜೇನು.

ಸೇತುವೆಯ ಮೇಲೆ, ಎಡಗಡೆಯ ಮೂರನೆಯ ತೊಲೆ.
ಅಲ್ಲಿ ನಿಂತು ಬೂಟಿನ ತುದಿಯಿಂದ ಎಲೆ ಸರಿಸಿದ.
ಒಂದು ಮೊಳೆ. ತಲೆ ಸವೆದು ನುಣ್ಣಗೆ.
ಬರಲಿಲ್ಲವೇ ಇದು?
‘ಬರುತ್ತಿತ್ತು.’
ಮತ್ತೆ ಎಲೆ ಮುಚ್ಚಿದ, ಕೂಸಿಗೆ ಹೊದಿಸುವಂತೆ ಅಲ್ಲ,
ಸಾಲದ ಚೀಟಿ ಮಡಚಿ ಜೇಬಿಗಿಡುವಂತೆ.
ಟ್ರೇಲ್ ಕಮಿಟಿಯವರಿಗೆ ಹೇಳಬೇಡ ಅಂದ,
ಅವರ ಬಳಿ ಒಳ್ಳೆಯ ಸುತ್ತಿಗೆಯಿದೆ.

ಆಗಲೇ ಹಿಂದಿನಿಂದ ಗಂಟೆ.
ಕೆಂಪು ಸೈಕಲ್ಲು, ಆರೇಳು ವರ್ಷದ ಹುಡುಗಿ,
ಹೆಲ್ಮೆಟ್ಟು ಹುಬ್ಬಿಗೆ ಜಾರಿದೆ, ನಾಲಿಗೆ ಹೊರಗೆ,
ಚಕ್ರ ಅತ್ತಿತ್ತ ವಾಲುತ್ತಾ
ಕಣ್ಣು ಮಾತ್ರ ನೇರ.

ಕಟಕಟೆಗೆ ಬೆನ್ನು ಹಚ್ಚಿ, ಟೋಪಿ ಕೈಗೆ ತೆಗೆದು
ದಾರಿ ಬಿಟ್ಟ ಅವನು.
ನಾನೂ ಬಿಟ್ಟೆ.
ಹಲಗೆಗಳು ಸಣ್ಣಗೆ ದಡದಡಿಸಿದವು,
ಅವಳು ಹೋದಳು, ಸದ್ದೂ ಹೋಯಿತು,
ಕೆಳಗೆ ಹೊಳೆ ತನ್ನ ಪಾಡಿಗೆ.
ನಾನು ಹೊಸ ಮಂಡಿಯನ್ನು ಮುಂದಿಟ್ಟೆ.

ಅವನು ತೋಳು ಅಡ್ಡ ಹಿಡಿದ.
‘ತಾಳು’ ಅಂದ, ಈಗ ನಗುತ್ತ,
‘ಗಾರ್ಡಿನ ಡಬ್ಬಿ ಇನ್ನೂ ದಾಟಿಲ್ಲ.’