ಕಿರುಬೆರಳು

ಪೀಣ್ಯದ ಪವರ್ ಪ್ರೆಸ್ಸು ನುಂಗಿದ್ದು ಪಿಳ್ಳಪ್ಪನ ಎಡಗೈ,
ಮಣಿಕಟ್ಟಿನ ತನಕ.
ಭಾನುವಾರ ನನ್ನ ಕುರ್ಚಿಗೆ ಬರುತ್ತಾನೆ, ಗಡ್ಡಕ್ಕೆ.
ಎಡಗೆನ್ನೆಗೆ ಕತ್ತಿ ಇಟ್ಟರೆ
‘ನಿಧಾನ ಅಣ್ಣ, ಕಿರುಬೆರಳು’ ಅಂತಾನೆ.

ನಿಮ್ಹಾನ್ಸಿನ ಡಾಕ್ಟರಮ್ಮ ಹೇಳಿದರಂತೆ:
ಮಿದುಳಿನ ವಠಾರದಲ್ಲಿ
ಮುಖಕ್ಕೂ ಕೈಗೂ ಒಂದೇ ಗೋಡೆ.
ಕೈಯ ಮನೆ ಖಾಲಿಯಾಯಿತು,
ಕೆನ್ನೆ ಪಾತ್ರೆಪಗಡ ಸಮೇತ ಒಳಗೆ ಬಂತು.
ಬಾಗಿಲ ಮೇಲಿನ ಹೆಸರು ಮಾತ್ರ ಹಳೇದು.

ಇರಬಹುದು.
ಮೆಜೆಸ್ಟಿಕ್ ಟಾಕೀಸು ಎಂದೋ ನೆಲಸಮ.
ಅಂಗಡಿ ಮುಂದೆ ಕಂಡಕ್ಟರು ಈಗಲೂ ಕೂಗುತ್ತಾನೆ
‘ಮೆಜೆಸ್ಟಿಕ್, ಮೆಜೆಸ್ಟಿಕ್!’
ಜನ ಹತ್ತುತ್ತಾರೆ.

ಚಳಿಗೆ ಮುಷ್ಟಿ ಬಿಗಿಯುತ್ತದಂತೆ,
ಇಲ್ಲದ ಉಗುರು ಇಲ್ಲದ ಅಂಗೈಗೆ ಚುಚ್ಚಿ.
ಈ ವಾರ ಕೇಳಿದ: ‘ಅಲ್ಲೊಂಚೂರು ಕೆರಿಯಣ್ಣ.’
ಪಟಿಕ ಕೆಳಗಿಟ್ಟು
ದವಡೆಯಂಚಿನಲ್ಲಿ ಹುಡುಕಿದೆ.
ಅಲ್ಲಲ್ಲ, ಇನ್ನೂ ಕೆಳಗೆ,
ಹಾಂ.