ದಸ್ತಗೀರ್ ಕುಷನ್ ವರ್ಕ್ಸ್

ತಣ್ಣೀರುಹಳ್ಳದ ನನ್ನ ಅಂಗಡಿಗೆ ಬೆಳಿಗ್ಗೆಯೇ
ಸಣ್ಣೇಗೌಡರ ಟ್ಯಾಕ್ಸಿ.
"ಬಟ್ಟೆ ಸೀಟು ಸಾಕಾಯ್ತು, ಲೆದರ್ ಹಾಕು ದಸ್ತಗೀರು,
ಒಂದ್ಸಲ ಒರೆಸಿದ್ರೆ ಎಲ್ಲ ಹೋಗ್ಬೇಕು."

ಲೆದರ್ ಅನ್ನೋದು ಬಾಯಿಮಾತು. ಅದು ರೆಕ್ಸಿನ್ನು.
ಯಾವ ಎಮ್ಮೆಯೂ ಇದಕ್ಕೆ ಬೆನ್ನು ಕೊಟ್ಟಿಲ್ಲ.
ಅವರಿಗೂ ಗೊತ್ತು, ನನಗೂ ಗೊತ್ತು,
ಏಪ್ರಿಲ್ ಮಧ್ಯಾಹ್ನ ಅರಸೀಕೆರೆ ಸ್ಟೇಷನ್ ಮುಂದೆ
ಬಾಡಿಗೆಗೆ ಕಾದು ಕೂತಾಗ ತೊಡೆಗೂ ಗೊತ್ತಾಗುತ್ತದೆ.

ಬ್ಲೇಡಿನಲ್ಲಿ ಹೊಲಿಗೆ ಬಿಡಿಸಿದೆ.
ಹನ್ನೊಂದು ವರ್ಷ ಒಮ್ಮೆಗೇ ಉಸಿರುಬಿಟ್ಟಿತು:
ಬೀಡಿ, ಬಾಡಿದ ಮಲ್ಲಿಗೆ, ಘಾಟಿಯಲ್ಲಿ ಕೂಸು ಕಕ್ಕಿದ ಹಾಲು.
ಸಂದಿಯಲ್ಲಿ ಎರಡು ಕಡಲೆಬೀಜ, ಒಂದು ಹೇರ್‌ಪಿನ್ನು,
ಆಲೂಗಡ್ಡೆ ಮಂಡಿಯ ಚೀಟಿ.

ಡ್ರೈವರ್ ಸೀಟಿನ ಹೆಡ್‌ರೆಸ್ಟಿನಲ್ಲಿ
ದುಂಡಗೆ ಎಣ್ಣೆಯ ಕಲೆ,
ಗೌಡರ ತಲೆಗಿಂತ ನಾಲ್ಕು ಬೆರಳು ಮೇಲೆ.
"ಇದು ನಿಮ್ಮದಲ್ಲ" ಅಂದೆ.
"ತಮ್ಮಂದು" ಅಂದರು, ರಸ್ತೆ ನೋಡುತ್ತಾ.
"ಕೊಬ್ಬರಿ ಎಣ್ಣೆ. ಕೈತುಂಬ ಬಳೀತಿದ್ದ."

ಸಂಜೆಗೆ ಮುಗಿಯಿತು. ಕಪ್ಪಗೆ, ನುಣ್ಣಗೆ,
ಇನ್ನೂ ಯಾರ ಗುರುತೂ ಹತ್ತದ ಸೀಟು.
ದುಡ್ಡು ಎಣಿಸಿ ಕೊಟ್ಟು, ಗಾಡಿ ಸ್ಟಾರ್ಟ್ ಮಾಡಿ,
ಆಫ್ ಮಾಡಿ, ಮತ್ತೆ ಇಳಿದು ಬಂದರು.
ಹರಿದ ಬಟ್ಟೆಯ ಗುಡ್ಡೆಯಲ್ಲಿ ಹುಡುಕಿ
ಅದೊಂದನ್ನೇ ಮಡಿಸಿಕೊಂಡರು:
"ಸ್ಟೆಪ್ನಿ ಕೆಳಕ್ಕೆ ಹಾಸೋಕೆ ಆಗುತ್ತೆ."